ರಾಯಚೂರು ಬೇಸಿಗೆಯಲ್ಲಿ ಲಿನಕ್ಸ್ ಡೆಸ್ಕ್‌ಟಾಪ್: ಓವರ್‌ಕ್ಲಾಕ್ ಮಾಡಲಾ, ಭಾಗ ಬದಲಿಸಲಾ?

ರಾಯಚೂರು_ಸ್ಟುಡಿಯೋ · ಏಪ್ರಿಲ್ 9, ರಾತ್ರಿ 11:20

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಮದುವೆ, ಜಾತ್ರೆ, ಶಾಲೆ ವಾರ್ಷಿಕೋತ್ಸವದ ವಿಡಿಯೋ ಮಾಡುತ್ತೇನೆ. ಆರು ವರ್ಷದಿಂದ ಎಡಿಟಿಂಗ್ ಎಲ್ಲ ಲಿನಕ್ಸ್‌ನಲ್ಲೇ, ಕೆಡೆನ್‌ಲೈವ್ ಬಳಸಿ.

ಮಷೀನು ಹೀಗಿದೆ. ರೈಜನ್ 5 1600 ಪ್ರೊಸೆಸರ್, ಬಿ350 ಬೋರ್ಡ್, 8 ಜಿಬಿ ಡಿಡಿಆರ್4 ಒಂದೇ ಸ್ಟಿಕ್, ಆರ್‌ಎಕ್ಸ್ 570 ಕಾರ್ಡ್, 120 ಜಿಬಿ ಎಸ್‌ಎಸ್‌ಡಿ, ಫೂಟೇಜ್‌ಗೆ 2 ಟಿಬಿ ಹಾರ್ಡ್‌ಡಿಸ್ಕ್, ಡೆಬಿಯನ್ 12. ಪ್ರೊಸೆಸರ್ ಜೊತೆ ಬಂದ ಫ್ಯಾನೇ ಈಗಲೂ ಇದೆ. 450 ವ್ಯಾಟ್ ಎಸ್‌ಎಂಪಿಎಸ್ (ಮಷೀನಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬಿ), 600 ವಿಎ ಯುಪಿಎಸ್.

ಜನವರಿಯಲ್ಲಿ ಒಂದು ವಿಡಿಯೋ ನೋಡಿ ಓವರ್‌ಕ್ಲಾಕ್ ಮಾಡಿದೆ, ಅಂದರೆ ಪ್ರೊಸೆಸರ್ ವೇಗವನ್ನು ಕಂಪನಿ ಇಟ್ಟದ್ದಕ್ಕಿಂತ ಏರಿಸಿದೆ. ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್) 3.9 ಗಿಗಾಹರ್ಟ್ಸ್, 1.4 ವೋಲ್ಟ್ ಇಟ್ಟೆ. ಸ್ಟಾಕ್‌ನಲ್ಲಿ, ಅಂದರೆ ಕಂಪನಿ ಇಟ್ಟ ಸೆಟ್ಟಿಂಗ್‌ನಲ್ಲಿ, ಅದು 1.2 ವೋಲ್ಟ್ ಹತ್ತಿರ ತೋರಿಸುತ್ತಿತ್ತು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಆಗ ರಾತ್ರಿ ರೂಮು 24 ಡಿಗ್ರಿ, ರೆಂಡರ್ ಮಾಡುವಾಗ ಪ್ರೊಸೆಸರ್ 76 ಡಿಗ್ರಿ. ಯುಗಾದಿ ದಾಟಿದ ಮೇಲೆ ಕಥೆ ಬದಲಾಯಿತು. ಈಗ ಮಧ್ಯಾಹ್ನ ರೂಮೊಳಗೇ 39. ರೆಂಡರ್ ಶುರುವಾಗಿ ಹತ್ತು ನಿಮಿಷಕ್ಕೆ ಪ್ರೊಸೆಸರ್ 92, 93. ಕೆಲವು ಸಲ ಪರದೆ ಇದ್ದಲ್ಲೇ ನಿಂತುಬಿಡುತ್ತದೆ. ಎರಡು ಸಲ ಮಷೀನು ಪೂರ್ತಿ ಆಫ್ ಆಯಿತು.

ನಿನ್ನೆ ಆಗಿದ್ದು ಮಾತ್ರ ಮನಸ್ಸಿಗೆ ನಾಟಿತು. ಒಂದು ಲಗ್ನದ ವಿಡಿಯೋ ರೆಂಡರ್ ಆಗಿ ಬಂತು. ಪೂರ್ತಿ ನೋಡಿದೆ. ಸರಿಯಾಗಿ ಅಕ್ಕಿಕಾಳು ಬೀಳುವ ಹೊತ್ತಿಗೆ ಪರದೆ ಮೇಲೆ ಹಸಿರು ಚೌಕಗಳು. ಮೂಲ ಕ್ಲಿಪ್ ತೆಗೆದು ನೋಡಿದರೆ ಅಲ್ಲಿ ಏನೂ ಇಲ್ಲ. ನೋಡದೇ ಕೊಟ್ಟಿದ್ದರೆ ಆ ಮನೆಯವರಿಗೆ ನಾನು ಏನು ಹೇಳಬೇಕಿತ್ತು?

ಲಿಕ್ವಿಡ್ ಕೂಲಿಂಗ್ ಹಾಕಿದರೆ ಸರಿ ಹೋಗುತ್ತಾ? ಹೊಸ ಪ್ರೊಸೆಸರ್ ಬೇಕಾ? ಲಗ್ನದ ಸೀಸನ್ ನಡೀತಿದೆ, ಹಣ ಒಮ್ಮೆಲೇ ಹಾಕಲು ಆಗುವುದಿಲ್ಲ. ದಯವಿಟ್ಟು ತಿಳಿದವರು ಹೇಳಿ.

ಕೌಲ್‌ಬಜಾರ್_ಬೆಂಚ್ · ಏಪ್ರಿಲ್ 10, ಬೆಳಗ್ಗೆ 7:05

ತಮ್ಮಾ, ಮೊದಲು ಬಯೋಸ್‌ಗೆ ಹೋಗಿ ಡಿಫಾಲ್ಟ್ ಲೋಡ್ ಮಾಡು. ಈಗಲೇ. ಸೀಸನ್ ಮಧ್ಯೆ ಬೇರೆಯವರ ಲಗ್ನದ ಫೂಟೇಜ್ ಇಟ್ಟುಕೊಂಡು ಪ್ರಯೋಗ ಬೇಡ. ಉಳಿದಿದ್ದು ಆಮೇಲೆ ಮಾತಾಡೋಣ.

ಬಳ್ಳಾರಿಯಲ್ಲಿ ಇಪ್ಪತ್ತು ವರ್ಷದಿಂದ ರಿಪೇರಿ ಬೆಂಚ್ ಮುಂದೆ ಕೂತಿದ್ದೇನೆ. ಏಪ್ರಿಲ್, ಮೇನಲ್ಲಿ ಬರುವ ಹತ್ತು ಮಷೀನಿನಲ್ಲಿ ಅರ್ಧಕ್ಕೂ ಜಾಸ್ತಿ ಬಿಸಿಯ ತೊಂದರೆಯವು. ಕ್ಯಾಬಿನೆಟ್ ಬಿಚ್ಚಿ ಯಾವಾಗ ನೋಡಿದ್ದೆ?

ರಾಯಚೂರು_ಸ್ಟುಡಿಯೋ · ಏಪ್ರಿಲ್ 10, ಬೆಳಗ್ಗೆ 7:40

ಡಿಫಾಲ್ಟ್ ಮಾಡಿದೆ ಅಣ್ಣಾ. ಕ್ಯಾಬಿನೆಟ್ ಬಿಚ್ಚಿ ಎರಡು ವರ್ಷದ ಮೇಲಾಯಿತು.

ಸಿಂಧನೂರು_ಡೆಬಿಯನ್ · ಏಪ್ರಿಲ್ 10, ಬೆಳಗ್ಗೆ 9:15

ಒಂದು ವಿಷಯ ಬಿಡಿಸಿ ನೋಡೋಣ. ನೀವು ಮೂರು ತೊಂದರೆ ಹೇಳಿದ್ದೀರಿ. ಮೂರಕ್ಕೂ ಒಂದೇ ಕಾರಣ ಅಂತ ಅಂದುಕೊಂಡಿದ್ದೀರಿ. ನನಗೆ ಹಾಗೆ ಅನ್ನಿಸುತ್ತಿಲ್ಲ.

ಪರದೆ ನಿಂತುಹೋಗುವುದು ಒಂದು. ಪ್ರೊಸೆಸರ್‌ಗೆ ಆ ವೇಗಕ್ಕೆ ಬೇಕಾದಷ್ಟು ವೋಲ್ಟೇಜ್ ಆ ಬಿಸಿಯಲ್ಲಿ ಸಾಲದೇ ಇದ್ದಾಗ ಹೀಗಾಗುತ್ತದೆ. ಅದರ ಗುರುತು ಕರ್ನಲ್ (ಲಿನಕ್ಸ್‌ನ ತಿರುಳು) ಬರೆದಿಡುವ ಲಾಗ್‌ನಲ್ಲಿ ಉಳಿಯುವುದುಂಟು. ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಕಮಾಂಡ್‌ಗೆ ಹಿಂದಿನ ಬೂಟ್ ಮತ್ತು ಕರ್ನಲ್ ಆಯ್ಕೆ ಕೊಟ್ಟು, ಎಂಸಿಇ (ಪ್ರೊಸೆಸರ್ ತಾನೇ ಹಿಡಿದ ತಪ್ಪು) ಅಥವಾ ಹಾರ್ಡ್‌ವೇರ್ ಎರರ್ ಅನ್ನುವ ಸಾಲು ಹುಡುಕಿ.

ಪೂರ್ತಿ ಆಫ್ ಆಗುವುದು ಬೇರೆ. ಲಾಗ್‌ನಲ್ಲಿ ಏನೂ ಇಲ್ಲದೆ, ಮಾತು ಅರ್ಧಕ್ಕೆ ನಿಂತ ಹಾಗೆ ಕೊನೆಯಾಗಿದ್ದರೆ ಮೊದಲು ಕರೆಂಟ್ ಕಡೆ ನೋಡಬೇಕು. ಅಂದರೆ ಎಸ್‌ಎಂಪಿಎಸ್ ಅಥವಾ ಯುಪಿಎಸ್.

ಹಸಿರು ಚೌಕ ಮೂರನೆಯದು. ಇದು ಎಲ್ಲಕ್ಕಿಂತ ಕೆಟ್ಟದ್ದು, ಯಾಕೆಂದರೆ ಮಷೀನು ನಿಲ್ಲಲಿಲ್ಲ, ದೂರಲಿಲ್ಲ. ಲೆಕ್ಕ ತಪ್ಪು ಮಾಡಿ ಸುಮ್ನೆ ಮುಂದೆ ಹೋಯಿತು. ಪ್ರೊಸೆಸರ್ ತಪ್ಪಿರಬಹುದು, ರ‍್ಯಾಮ್ ತಪ್ಪಿರಬಹುದು. ಇವತ್ತು ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಹಾಕಿ ಬೆಳಗಿನವರೆಗೆ ಬಿಡಿ. ಡೆಬಿಯನ್‌ನಲ್ಲಿ ಪ್ಯಾಕೇಜ್ ಇದೆ, ಹಾಕಿದರೆ ಮಷೀನು ಶುರುವಾಗುವಾಗ ಕಾಣುವ ಗ್ರಬ್ ಪಟ್ಟಿಯಲ್ಲೇ ಬರುತ್ತದೆ.

ಇನ್ನೊಂದು ಕೆಲಸ. ರೆಂಡರ್ ನಡೆಯುವಾಗ ಟರ್ಮಿನಲ್‌ನಲ್ಲಿ ವಿಎಂಸ್ಟ್ಯಾಟ್ 1 ಓಡಿಸಿ. ಎಸ್‌ಐ, ಎಸ್‌ಒ (ಡಿಸ್ಕ್‌ನ ಸ್ವಾಪ್ ಜಾಗದಿಂದ ರ‍್ಯಾಮ್‌ಗೆ ಬರುವುದು, ಅಲ್ಲಿಗೆ ಹೋಗುವುದು), ಡಬ್ಲ್ಯೂಎ (ಪ್ರೊಸೆಸರ್ ಡಿಸ್ಕ್‌ಗಾಗಿ ಕಾಯುವ ಹೊತ್ತು, ಶೇಕಡಾದಲ್ಲಿ) ಕಾಲಮ್‌ನಲ್ಲಿ ಏನು ಬರುತ್ತದೆ ಬರೆಯಿರಿ. 8 ಜಿಬಿಯಲ್ಲಿ ಮದುವೆ ವಿಡಿಯೋ ಅಂದಾಗಲೇ ನನಗೆ ಅನುಮಾನ ಬಂತು.

ಗಂಗಾವತಿ_ಎಲೆಕ್ಟ್ರಾನಿಕ್ಸ್ · ಏಪ್ರಿಲ್ 10, ಮಧ್ಯಾಹ್ನ 1:30

ಡಿಪ್ಲೊಮಾ ಮಕ್ಕಳಿಗೆ ಪಾಠ ಮಾಡುವವಳು ನಾನು. ನಿಮ್ಮ ಅಂಕಿಗಳನ್ನು ನೋಡಿ ಲೆಕ್ಕ ಹಾಕದೇ ಇರಲು ಆಗಲಿಲ್ಲ.

ಚಿಪ್ ಕೆಲಸ ಮಾಡುವಾಗ ತಿನ್ನುವ ವಿದ್ಯುತ್ತು ವೇಗದ ಜೊತೆ ನೇರವಾಗಿ ಏರುತ್ತದೆ. ವೋಲ್ಟೇಜ್ ಜೊತೆ ವರ್ಗದ ಲೆಕ್ಕದಲ್ಲಿ ಏರುತ್ತದೆ. 1600ರಲ್ಲಿ ಆರೂ ಕೋರ್ ದುಡಿಯುವಾಗ ಸ್ಟಾಕ್ ವೇಗ 3.4 ಗಿಗಾಹರ್ಟ್ಸ್. ನೀವು 3.9 ಮಾಡಿದಿರಿ. ಅದು 15 ಶೇಕಡಾ ಜಾಸ್ತಿ. ವೋಲ್ಟೇಜ್ 1.2ರಿಂದ 1.4 ಆಯಿತು. ಅದರ ವರ್ಗ 36 ಶೇಕಡಾ ಜಾಸ್ತಿ. ಎರಡನ್ನೂ ಗುಣಿಸಿದರೆ ಸುಮಾರು 56 ಶೇಕಡಾ ಜಾಸ್ತಿ ಬಿಸಿ. ಎಲ್ಲ ಸರಿಯಾಗಿ ನಡೆದರೂ 100 ನಿಮಿಷದ ರೆಂಡರ್ 87 ನಿಮಿಷಕ್ಕೆ ಇಳಿಯುತ್ತದೆ, ಅಷ್ಟೇ. ಆ 13 ನಿಮಿಷಕ್ಕೆ ಒಂದೂವರೆ ಪಟ್ಟು ಬಿಸಿ.

ಈಗ ಕೂಲಿಂಗ್ ವಿಷಯ. ಹೀಟ್‌ಸಿಂಕ್ ಮತ್ತು ಫ್ಯಾನ್ ಚಿಪ್‌ನ ಬಿಸಿಯನ್ನು ರೂಮಿನ ಗಾಳಿಗೆ ಕೊಡುತ್ತವೆ. ಒಂದೇ ಕೆಲಸ, ಒಂದೇ ಫ್ಯಾನ್ ವೇಗ ಇದ್ದರೆ ಚಿಪ್‌ಗೂ ರೂಮಿಗೂ ಇರುವ ವ್ಯತ್ಯಾಸ ಹೆಚ್ಚುಕಡಿಮೆ ಒಂದೇ ಇರುತ್ತದೆ. ಜನವರಿಯಲ್ಲಿ ರೂಮು 24, ಚಿಪ್ 76. ವ್ಯತ್ಯಾಸ 52. ಏಪ್ರಿಲ್‌ನಲ್ಲಿ ರೂಮು 39. ಅದಕ್ಕೆ 52 ಕೂಡಿಸಿ: 91. ನೀವು ಕಂಡಿದ್ದು 92, 93. ನೋಡಿ, ನಿಮ್ಮ ಮಷೀನಿಗೆ ಏನೂ ಕಾಯಿಲೆ ಬಂದಿಲ್ಲ. ರೂಮು 15 ಡಿಗ್ರಿ ಏರಿತು, ಚಿಪ್ಪೂ ಅಷ್ಟೇ ಏರಿತು. 1600ರ ಗರಿಷ್ಠ ಮಿತಿ 95. ವಿದೇಶದವರು 20 ಡಿಗ್ರಿ ರೂಮಿನಲ್ಲಿ ಕೂತು ಮಾಡಿದ ಓವರ್‌ಕ್ಲಾಕ್ ಅಂಕಿಗಳನ್ನು ನಾವು ಹಾಗೇ ಇಳಿಸಿಕೊಳ್ಳುವುದು ಇದಕ್ಕೇ ಸರಿಯಲ್ಲ.

ಲಿಕ್ವಿಡ್ ಕೂಲಿಂಗ್ ಆ 52ನ್ನು ಇಳಿಸಬಹುದು. ಆದರೆ ಅದೂ ಬಿಸಿಯನ್ನು ಕೊಡುವುದು ಅದೇ 39 ಡಿಗ್ರಿ ಗಾಳಿಗೆ. ರೂಮಿಗಿಂತ ತಣ್ಣಗೆ ಮಾಡಲು ಅದರಿಂದ ಆಗುವುದಿಲ್ಲ. ಶಕ್ತಿನಗರದ ವಿದ್ಯುತ್ ಸ್ಥಾವರದ ಕೂಲಿಂಗ್ ಟವರ್ ದಿನಾ ನೋಡುವವರು ನೀವು. ಅಲ್ಲಿ ನೀರು ಆವಿಯಾಗಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನಮ್ಮ ಮನೆಯ ಏರ್ ಕೂಲರ್ ಕೆಲಸ ಮಾಡುವುದೂ ಹಾಗೇ. ನಮ್ಮ ಏಪ್ರಿಲ್ ಗಾಳಿ ಒಣಗಿರುವುದರಿಂದ ಅದು ರೂಮನ್ನು ಚೆನ್ನಾಗಿ ಇಳಿಸುತ್ತದೆ. ಕಿಟಕಿ ತೆರೆದಿಟ್ಟು ಏರ್ ಕೂಲರ್ ಹಾಕಿ ರೂಮನ್ನು 39ರಿಂದ 31ಕ್ಕೆ ತಂದರೆ, ಚಿಪ್‌ನಿಂದಲೂ ಅದೇ 8 ಡಿಗ್ರಿ ಇಳಿಯುತ್ತದೆ. ಹಸಿ ಗಾಳಿ ನೇರವಾಗಿ ಕ್ಯಾಬಿನೆಟ್‌ಗೆ ಹೊಡೆಯದ ಹಾಗೆ ಮಾತ್ರ ಇಡಿ.

ಬೆಟ್ಟದ_ಬುಡ · ಏಪ್ರಿಲ್ 10, ಸಂಜೆ 6:10

ನಾನು ಬಳ್ಳಾರಿ ಹುಡುಗ, ಕೋಟೆ ಬೆಟ್ಟದ ಹತ್ತಿರ ಮನೆ. ಮೇಡಂ ಲೆಕ್ಕ ಸರಿ ಇದೆ. ಆದರೆ ಓವರ್‌ಕ್ಲಾಕ್ ಮಾಡಲೇಬಾರದು ಅನ್ನುವ ಹಾಗೆ ಈ ಚರ್ಚೆ ಹೋಗುತ್ತಿರುವುದನ್ನು ನಾನು ಒಪ್ಪುವುದಿಲ್ಲ.

ಸ್ಟುಡಿಯೋ ಅಣ್ಣ ಮಾಡಿದ್ದು ಓವರ್‌ಕ್ಲಾಕ್ ಅಲ್ಲ, ಬೇರೆಯವರ ಅಂಕಿ ನಕಲು. ಪ್ರತಿ ಚಿಪ್ಪೂ ಬೇರೆ. ನಾನು ನನ್ನ 1600ಗೆ 3.4ರಿಂದ ಶುರು ಮಾಡಿ 25 ಮೆಗಾಹರ್ಟ್ಸ್ ಮೆಟ್ಟಿಲಲ್ಲಿ ಹತ್ತಿದೆ. ಪ್ರತಿ ಮೆಟ್ಟಿಲಿಗೂ ಒಂದು ಗಂಟೆ ಸ್ಟ್ರೆಸ್-ಎನ್‌ಜಿ, ಅಂದರೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಟ್ಟು ಪರೀಕ್ಷಿಸುವ ಪ್ರೋಗ್ರಾಂ. ಅದಕ್ಕೆ ವೆರಿಫೈ ಆಯ್ಕೆ ಕೊಟ್ಟರೆ ಲೆಕ್ಕದ ಉತ್ತರ ಸರಿ ಇದೆಯಾ ಅಂತಲೂ ನೋಡುತ್ತದೆ. ಹಸಿರು ಚೌಕ ಬರುವಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ನೋಟ್‌ಬುಕ್‌ನಲ್ಲಿ ವೇಗ, ವೋಲ್ಟೇಜ್, ರೂಮಿನ ಬಿಸಿ, ಚಿಪ್ ಬಿಸಿ ಎಲ್ಲ ಬರೆದಿಟ್ಟಿದ್ದೇನೆ. 3.7ಕ್ಕೆ 1.25 ವೋಲ್ಟ್ ಸಾಕಾಯಿತು. 3.8ಕ್ಕೆ 1.33 ಬೇಕಾಯಿತು. 3.9ಕ್ಕೆ 1.4 ಕೊಟ್ಟರೂ ತಪ್ಪು ಬಂತು. ಅಲ್ಲಿಂದ ಮೇಲೆ ಗೋಡೆ ಹತ್ತಿದ ಹಾಗೆ. ಇದನ್ನೆಲ್ಲ ಯಾವ ಪುಸ್ತಕವೂ ನನಗೆ ಹೀಗೆ ಕಲಿಸುತ್ತಿರಲಿಲ್ಲ.

ನನ್ನ ಬಯೋಸ್‌ನಲ್ಲಿ ಎರಡು ಪ್ರೊಫೈಲ್ ಇವೆ. ದೀಪಾವಳಿಯಿಂದ ಶಿವರಾತ್ರಿವರೆಗೆ 3.8. ಚಳಿ ಶಿವಶಿವಾ ಅಂತ ಹೋದ ಮೇಲೆ 3.5. ನಮ್ಮ ಊರಿಗೆ ಹೀಗೇ ಮಾಡಬೇಕು.

ಸಿಂಧನೂರು_ಡೆಬಿಯನ್ · ಏಪ್ರಿಲ್ 10, ಸಂಜೆ 6:45

ತಮ್ಮಾ, ನೋಟ್‌ಬುಕ್ ಇಟ್ಟಿದ್ದೀಯಲ್ಲ, ಅದು ತುಂಬಾ ಇಷ್ಟವಾಯಿತು. ನೀನು ಮಾಡಿದ ಹಾಗೆ ಮಾಡುವವರಿಗೆ ನನ್ನ ತಕರಾರಿಲ್ಲ. ಆದರೆ ನಿನ್ನ ಮಷೀನಿನಲ್ಲಿ ತಪ್ಪಾದರೆ ನಷ್ಟ ನಿನ್ನದು. ಸ್ಟುಡಿಯೋ ಅಣ್ಣನ ಮಷೀನಿನಲ್ಲಿ ತಪ್ಪಾದರೆ ಬೇರೆಯವರ ಮನೆಯ ಲಗ್ನ ಹಾಳು. ದುಡಿಮೆಯ ಮಷೀನಿಗೂ ಕಲಿಯುವ ಮಷೀನಿಗೂ ನಿಯಮ ಬೇರೆ ಇರಲೇಬೇಕು.

ಬೆಟ್ಟದ_ಬುಡ · ಏಪ್ರಿಲ್ 10, ಸಂಜೆ 6:52

ಅದು ಒಪ್ಪುತ್ತೇನೆ ಅಣ್ಣಾ.

ರಾಯಚೂರು_ಸ್ಟುಡಿಯೋ · ಏಪ್ರಿಲ್ 11, ರಾತ್ರಿ 10:30

ಎಲ್ಲರಿಗೂ ಧನ್ಯವಾದ. ಹೇಳಿದ್ದೆಲ್ಲ ಮಾಡಿದೆ.

ಲಾಗ್‌ನಲ್ಲಿ ನಾಲ್ಕು ಕಡೆ ಹಾರ್ಡ್‌ವೇರ್ ಎರರ್ ಸಾಲು ಸಿಕ್ಕವು. ನಾಲ್ಕೂ ಓವರ್‌ಕ್ಲಾಕ್ ಇದ್ದ ದಿನಗಳವು. ಪೂರ್ತಿ ಆಫ್ ಆದ ಎರಡು ದಿನದ ಲಾಗ್ ಮಾತ್ರ ಅರ್ಧಕ್ಕೇ ನಿಂತಿವೆ. ನೆನಪು ಮಾಡಿಕೊಂಡರೆ ಎರಡೂ ಸಲ ಕರೆಂಟ್ ಹೋಗಿತ್ತು. ಯುಪಿಎಸ್ ಒಂದು ಸಲ ಕೂಗಿ ಸುಮ್ಮನಾಯಿತು. ಅದರ ಬ್ಯಾಟರಿ ನಾಲ್ಕು ವರ್ಷ ಹಳೆಯದು.

ಮೆಮ್‌ಟೆಸ್ಟ್ ರಾತ್ರಿಯಿಡೀ ಓಡಿತು, ತಪ್ಪಿಲ್ಲ. ಸ್ಟಾಕ್ ವೇಗದಲ್ಲಿ ಅದೇ ಲಗ್ನ ಮತ್ತೆ ರೆಂಡರ್ ಮಾಡಿದೆ. ಎರಡು ಸಲ ಪೂರ್ತಿ ನೋಡಿದೆ. ಹಸಿರು ಚೌಕ ಇಲ್ಲ.

ವಿಎಂಸ್ಟ್ಯಾಟ್ ನೋಡಿ ನನಗೇ ಆಶ್ಚರ್ಯ. ಎಸ್‌ಐ, ಎಸ್‌ಒ ಎರಡೂ ಸಾವಿರಗಳಲ್ಲಿ ಕುಣಿಯುತ್ತಿವೆ. ಡಬ್ಲ್ಯೂಎ 30ರಿಂದ 45. ಸ್ವಾಪ್ 5 ಜಿಬಿ ತುಂಬಿದೆ. ಇದರ ಅರ್ಥ ಏನು?

ಸಿಂಧನೂರು_ಡೆಬಿಯನ್ · ಏಪ್ರಿಲ್ 11, ರಾತ್ರಿ 11:05

ಅರ್ಥ ಏನೆಂದರೆ, ನಿಮ್ಮ ಪ್ರೊಸೆಸರ್ ಮೂರನೇ ಒಂದು ಭಾಗ ಹೊತ್ತು ಕೆಲಸವಿಲ್ಲದೆ ಕೂತಿತ್ತು. ರ‍್ಯಾಮ್ ಸಾಲದೆ ಕರ್ನಲ್ ಮೆಮೊರಿಯ ತುಣುಕುಗಳನ್ನು ಡಿಸ್ಕ್‌ಗೆ ಹಾಕುವುದು, ಮತ್ತೆ ತರುವುದು, ಇದನ್ನೇ ಮಾಡುತ್ತಿದೆ. ನೀವು 1.4 ವೋಲ್ಟ್ ಕೊಟ್ಟು ಬಿಸಿ ಮಾಡಿದ್ದು, ಡಿಸ್ಕ್‌ಗಾಗಿ ಕಾಯುತ್ತಾ ಕೂತ ಪ್ರೊಸೆಸರ್ ಅನ್ನು.

ಇವತ್ತೇ ಖರ್ಚಿಲ್ಲದೆ ಮಾಡಬಹುದಾದ ಎರಡು ಕೆಲಸ ಇವೆ. ಕೆಡೆನ್‌ಲೈವ್‌ನಲ್ಲಿ ಪ್ರಾಕ್ಸಿ ಕ್ಲಿಪ್ ಆನ್ ಮಾಡಿ. ಎಡಿಟ್ ಮಾಡುವಾಗ ಸಣ್ಣ ಪ್ರತಿ ಬಳಸುತ್ತದೆ, ಕೊನೆಯ ರೆಂಡರ್‌ಗೆ ಮೂಲ ಫೂಟೇಜ್ ತೆಗೆದುಕೊಳ್ಳುತ್ತದೆ. ಇನ್ನೊಂದು, ಜಡ್‌ರ‍್ಯಾಮ್ ಹಾಕಿ. ಡಿಸ್ಕ್‌ಗೆ ಹೋಗುವ ಬದಲು ರ‍್ಯಾಮ್ ಒಳಗೇ ಒತ್ತಿ ಇಡುತ್ತದೆ. 8 ಜಿಬಿಯನ್ನು 16 ಮಾಡುವುದಿಲ್ಲ, ಆದರೆ ಈ ಸೀಸನ್ ದಾಟಿಸುತ್ತದೆ.

ಹಣ ಹಾಕುವ ಸರದಿಯಲ್ಲಿ ಮೊದಲು ಯುಪಿಎಸ್ ಬ್ಯಾಟರಿ. ಆಮೇಲೆ 16 ಜಿಬಿಯ ಎರಡು ಸ್ಟಿಕ್ ಇರುವ ರ‍್ಯಾಮ್ ಕಿಟ್. ಒಂದೇ ಸ್ಟಿಕ್ ಅಂದರೆ ಒಂದೇ ಚಾನೆಲ್, ಅರ್ಧ ರಸ್ತೆ ಮುಚ್ಚಿದ ಹಾಗೆ. ರೈಜನ್‌ನಲ್ಲಿ ಕೋರ್‌ಗಳ ಗುಂಪುಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ರ‍್ಯಾಮ್ ವೇಗದ ಜೊತೆಗೇ ಓಡುತ್ತದೆ. ಪ್ರೊಸೆಸರ್ ವಿಷಯ ಕೊನೆಗೆ.

ಗಂಗಾವತಿ_ಎಲೆಕ್ಟ್ರಾನಿಕ್ಸ್ · ಏಪ್ರಿಲ್ 12, ಬೆಳಗ್ಗೆ 8:20

ಬ್ಯಾಟರಿ ಬಗ್ಗೆ ಒಂದು ಮಾತು. ಯುಪಿಎಸ್ ಒಳಗಿನ ಸೀಸದ ಬ್ಯಾಟರಿಗೆ 25 ಡಿಗ್ರಿ ಹಿತ. ಅಲ್ಲಿಂದ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಎಲ್ಲರೂ ಬಳಸುವ ಅಂದಾಜು. ಕಂಪನಿ ಹೇಳುವ ವರ್ಷಗಳನ್ನು ನಮ್ಮ ಊರುಗಳಲ್ಲಿ ಪೂರ್ತಿ ನಂಬಬಾರದು. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ಓವರ್‌ಕ್ಲಾಕ್ ಮಾಡಿದ ಪ್ರೊಸೆಸರ್, 150 ವ್ಯಾಟ್ ಕಾರ್ಡ್, ಮಾನಿಟರ್ ಎಲ್ಲ ಒಟ್ಟಿಗೆ ಎಳೆದರೆ ಹೊಸ ಬ್ಯಾಟರಿಗೂ ಕಷ್ಟ.

ಕೌಲ್‌ಬಜಾರ್_ಬೆಂಚ್ · ಏಪ್ರಿಲ್ 12, ಬೆಳಗ್ಗೆ 9:50

ಈಗ ಕೈಕೆಲಸದ ವಿಷಯ ಹೇಳುತ್ತೇನೆ. ಗಮನವಿಟ್ಟು ಓದು ತಮ್ಮಾ.

ನಮ್ಮ ಕಡೆ ಧೂಳು ಎಲ್ಲ ಒಂದೇ ಅಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳ ಮಷೀನು ಬಿಚ್ಚಿದರೆ ಹೀಟ್‌ಸಿಂಕ್ ಮೇಲೆ ನೀಲಿ ಕಂಬಳಿ ಹೊದಿಸಿದ ಹಾಗೆ ನಾರು ಇರುತ್ತದೆ. ಸಂಡೂರು ಕಡೆಯಿಂದ ಬಂದರೆ ಕೆಂಪು ಅದಿರಿನ ಧೂಳು, ಅದು ಹಿಟ್ಟಿನ ಹಾಗೆ ಸಣ್ಣ, ಫ್ಯಾನ್ ಬೇರಿಂಗ್ ಒಳಗೇ ಹೋಗುತ್ತದೆ. ರಾಯಚೂರು, ಸಿಂಧನೂರು ಕಡೆ ಹತ್ತಿ ಮತ್ತು ಭತ್ತದ ಹೊಟ್ಟು. ನಾರು ಆದರೆ ಗಾಳಿ ಒಳಗೆ ಬರುವ ಜಾಗಕ್ಕೆ ಸೊಳ್ಳೆ ಪರದೆ ಬಟ್ಟೆ ಒಂದು ಪದರ ಅಂಟಿಸಿದರೆ ಅಲ್ಲೇ ನಿಲ್ಲುತ್ತದೆ, ವಾರಕ್ಕೊಮ್ಮೆ ಒರೆಸಬಹುದು. ಅದಿರಿನ ಧೂಳಿಗೆ ಅದು ಸಾಲದು. ಒಳಗೆ ಗಾಳಿ ತರುವ ಫ್ಯಾನ್ ಹೊರಗೆ ಹಾಕುವುದಕ್ಕಿಂತ ಸ್ವಲ್ಪ ಜಾಸ್ತಿ ಇರಲಿ. ಆಗ ಸಂದಿಗೊಂದಿಯಿಂದ ಧೂಳು ಒಳಗೆ ಎಳೆಯುವುದಿಲ್ಲ.

ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೋ. ಗಾಳಿಗೆ ಬಿಟ್ಟು ಗಿರ್ರನೆ ತಿರುಗಿಸಿದರೆ ಬೇರಿಂಗ್ ಹಾಳಾಗುತ್ತದೆ.

ಪ್ರೊಸೆಸರ್ ಫ್ಯಾನ್ ತೆಗೆಯುವ ಮೊದಲು ಮಷೀನನ್ನು ಹತ್ತು ನಿಮಿಷ ಓಡಿಸು. ಪ್ರೊಸೆಸರ್‌ಗೂ ಹೀಟ್‌ಸಿಂಕ್‌ಗೂ ನಡುವಿನ ಪೇಸ್ಟ್ ಸ್ವಲ್ಪ ಮೆತ್ತಗಾಗಲಿ. ಆಮೇಲೆ ಆಫ್ ಮಾಡಿ, ವೈರ್ ಕಿತ್ತು, ಸ್ಕ್ರೂ ಬಿಚ್ಚಿ, ಹೀಟ್‌ಸಿಂಕನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚು. ನೇರವಾಗಿ ಮೇಲೆ ಎಳೆಯಬೇಡ. ನಿನ್ನ ಬೋರ್ಡ್‌ನಂಥ ಎಎಂ4 ಸಾಕೆಟ್‌ನ ಮಷೀನಿನಲ್ಲಿ ಪಿನ್ ಇರುವುದು ಪ್ರೊಸೆಸರ್‌ನ ಹೊಟ್ಟೆಗೆ. ಒಣಗಿದ ಪೇಸ್ಟ್ ಹಿಡಿದುಕೊಂಡರೆ, ಸಾಕೆಟ್ ಲಾಕ್ ಹಾಕಿದ್ದರೂ ಪ್ರೊಸೆಸರ್ ಕಿತ್ತುಕೊಂಡು ಬರುತ್ತದೆ. ಬಗ್ಗಿದ ಪಿನ್ ನೆಟ್ಟಗೆ ಮಾಡಲು ನನ್ನ ಹತ್ತಿರ ಬರುವವರೆಲ್ಲ ಈ ಒಂದು ತಪ್ಪು ಮಾಡಿದವರೇ. ನಿನ್ನ ಫ್ಯಾನ್ ಸ್ಕ್ರೂ ಬಿಚ್ಚಿದಾಗ ಬೋರ್ಡ್ ಹಿಂದಿನ ಪ್ಲೇಟ್ ಕಳಚಿ ಬೀಳುತ್ತದೆ, ಇನ್ನೊಂದು ಕೈ ಹಿಂದೆ ಇರಲಿ. ಹಳೇ ಪೇಸ್ಟ್ ಪೂರ್ತಿ ಒರೆಸಿ, ಹೊಸದು ಬಟಾಣಿ ಕಾಳಿನಷ್ಟು ಸಾಕು.

ಕೊಪ್ಪಳ_ಪಿಯುಸಿ · ಏಪ್ರಿಲ್ 12, ಮಧ್ಯಾಹ್ನ 3:00

ಸರ್, ಒಂದು ಪ್ರಶ್ನೆ. ನಮ್ಮ ಮಾಮನ 1600 ಮಷೀನು ಲಿನಕ್ಸ್‌ನಲ್ಲಿ ಸುಮ್ನೆ ಬಿಟ್ಟಾಗ ಹ್ಯಾಂಗ್ ಆಗುತ್ತದೆ. ಕೆಲಸ ಮಾಡುವಾಗ ಏನೂ ಆಗುವುದಿಲ್ಲ. ಓವರ್‌ಕ್ಲಾಕ್ ಮಾಡಿಲ್ಲ. ಇದೂ ಬಿಸಿಯಾ?

ಸಿಂಧನೂರು_ಡೆಬಿಯನ್ · ಏಪ್ರಿಲ್ 12, ಮಧ್ಯಾಹ್ನ 3:25

ಅಲ್ಲಪ್ಪಾ, ಇದು ತಣ್ಣಗಿದ್ದಾಗ ಬರುವ ತೊಂದರೆ. ಮೊದಲ ತಲೆಮಾರಿನ ರೈಜನ್‌ನಲ್ಲಿ ಇದು ಹಲವರು ಕಂಡಿದ್ದು. ಪ್ರೊಸೆಸರ್ ತೀರಾ ಆಳವಾದ ನಿದ್ದೆಗೆ ಹೋದಾಗ ಎಳೆಯುವ ಕರೆಂಟ್ ಬಹಳ ಕಡಿಮೆಯಾಗುತ್ತದೆ, ಕೆಲವು ಎಸ್‌ಎಂಪಿಎಸ್‌ಗಳಿಗೆ ಅದು ಒಗ್ಗುವುದಿಲ್ಲ. ಬಯೋಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅಂತ ಇರುತ್ತದೆ. ಅದನ್ನು ಟಿಪಿಕಲ್ ಕರೆಂಟ್ ಐಡಲ್ ಮಾಡು. ಇಲ್ಲದಿದ್ದರೆ ಬಯೋಸ್ ಅಪ್‌ಡೇಟ್ ಮಾಡಿ ಹುಡುಕು.

ಕೊಪ್ಪಳ_ಪಿಯುಸಿ · ಏಪ್ರಿಲ್ 14, ರಾತ್ರಿ 9:10

ಸರ್, ಎರಡು ದಿನ ಆಯಿತು, ಹ್ಯಾಂಗ್ ಆಗಿಲ್ಲ. ಮಾಮ ತುಂಬಾ ಖುಷಿಯಾದರು.

ರಾಯಚೂರು_ಸ್ಟುಡಿಯೋ · ಏಪ್ರಿಲ್ 20, ರಾತ್ರಿ 10:15

ಬ್ಯಾಟರಿ ಬದಲಿಸಿದೆ. ಕ್ಲೀನ್ ಮಾಡಿ ಹೊಸ ಪೇಸ್ಟ್ ಹಾಕಿದೆ. ಬೆಂಚ್ ಅಣ್ಣ ಹೇಳಿದ ಹಾಗೆ ತಿರುಚಿ ತೆಗೆದೆ, ಪ್ರೊಸೆಸರ್ ಇದ್ದಲ್ಲೇ ಇತ್ತು. ಹೀಟ್‌ಸಿಂಕ್ ಒಳಗಿಂದ ಒಂದು ಮುಷ್ಟಿ ಹತ್ತಿ ನಾರು ಬಂತು.

ರ‍್ಯಾಮ್ ಕಿಟ್ ಬಂದಿದೆ. 16 ಜಿಬಿ ಎರಡು, 3200 ಅಂತ ಬರೆದಿದೆ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಬರೆದ ವೇಗಕ್ಕೇ ರ‍್ಯಾಮ್ ಓಡಿಸುವ ಸೆಟ್ಟಿಂಗ್) ಆನ್ ಮಾಡಿದರೆ ಬೂಟ್ ಆಗುತ್ತಿಲ್ಲ. ಮೂರು ಸಲ ಪ್ರಯತ್ನಿಸಿ ತಾನೇ 2133ಕ್ಕೆ ಬರುತ್ತದೆ. ರ‍್ಯಾಮ್ ಹಾಳಾ?

ಬೆಟ್ಟದ_ಬುಡ · ಏಪ್ರಿಲ್ 20, ರಾತ್ರಿ 10:40

ಇಲ್ಲ ಅಣ್ಣಾ, ರ‍್ಯಾಮ್ ಚೆನ್ನಾಗಿದೆ. ಎಕ್ಸ್‌ಎಂಪಿ ಕೂಡ ಓವರ್‌ಕ್ಲಾಕೇ. ಬಾಕ್ಸ್ ಮೇಲಿನ 3200 ಅನ್ನುವುದು ರ‍್ಯಾಮ್ ಕೊಡುವ ಮಾತು. ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್ ಕೂಡ ಒಪ್ಪಬೇಕಲ್ವಾ? 1600ಗೆ ಅಧಿಕೃತವಾಗಿ ಇರುವ ಗರಿಷ್ಠವೇ 2667. ಎಕ್ಸ್‌ಎಂಪಿ ಆನ್ ಇಟ್ಟು ವೇಗವನ್ನು ಮಾತ್ರ 2933ಕ್ಕೆ ಇಳಿಸಿ. ಆಗದಿದ್ದರೆ 2667. ಯಾವುದೇ ಇಟ್ಟರೂ ರಾತ್ರಿ ಮೆಮ್‌ಟೆಸ್ಟ್ ತಪ್ಪಿಸಬೇಡಿ.

ರಾಯಚೂರು_ಸ್ಟುಡಿಯೋ · ಏಪ್ರಿಲ್ 22, ರಾತ್ರಿ 9:30

2933ರಲ್ಲಿ ಬೂಟ್ ಆಯಿತು, ಆದರೆ ಮೆಮ್‌ಟೆಸ್ಟ್‌ನಲ್ಲಿ ನಾಲ್ಕನೇ ಗಂಟೆಗೆ ಎರಡು ತಪ್ಪು ತೋರಿಸಿತು. 2667ಕ್ಕೆ ಇಳಿಸಿದೆ. ರಾತ್ರಿಯಿಡೀ ತಪ್ಪಿಲ್ಲ.

ಅದೇ ಲಗ್ನವನ್ನು ಅಳತೆಗೆ ಇಟ್ಟುಕೊಂಡಿದ್ದೇನೆ. ಓವರ್‌ಕ್ಲಾಕ್ ಮತ್ತು 8 ಜಿಬಿಯಲ್ಲಿ 2 ಗಂಟೆ 40 ನಿಮಿಷ ಹಿಡಿದಿತ್ತು. ಈಗ ಸ್ಟಾಕ್ ವೇಗದಲ್ಲಿ, ಹೊಸ ರ‍್ಯಾಮ್ ಜೊತೆ, 1 ಗಂಟೆ 55 ನಿಮಿಷ. ಡಬ್ಲ್ಯೂಎ ಈಗ 1, 2ರ ಮೇಲೆ ಹೋಗುವುದಿಲ್ಲ. ಇಷ್ಟು ದಿನ ನಾನು ಪ್ರೊಸೆಸರ್ ಮೇಲೆ ತಪ್ಪು ಹೊರಿಸಿದ್ದೆ.

ಬೆಟ್ಟದ ತಮ್ಮನ ಮಾತು ಕೇಳಿ ಇನ್ನೊಂದು ಮಾಡಿದೆ. ವೇಗ 3.4ರಲ್ಲೇ ಇಟ್ಟು ವೋಲ್ಟೇಜ್ ಒಂದೊಂದೇ ಮೆಟ್ಟಿಲು ಇಳಿಸಿದೆ. 1.1ರಲ್ಲಿ ಸ್ಟ್ರೆಸ್-ಎನ್‌ಜಿ ಆರು ಗಂಟೆ ತಪ್ಪಿಲ್ಲದೆ ಓಡಿತು. ರೂಮು 39, ಪ್ರೊಸೆಸರ್ 69.

ಗಂಗಾವತಿ_ಎಲೆಕ್ಟ್ರಾನಿಕ್ಸ್ · ಏಪ್ರಿಲ್ 22, ರಾತ್ರಿ 9:55

ನನ್ನ ಲೆಕ್ಕಕ್ಕೆ 67 ಬಂದಿತ್ತು. 1.1ನ್ನು 1.4ರಿಂದ ಭಾಗಿಸಿ ವರ್ಗ ಮಾಡಿ, ವೇಗದ ಪಾಲು ಗುಣಿಸಿದರೆ ಬಿಸಿ 54 ಶೇಕಡಾಕ್ಕೆ ಇಳಿಯುತ್ತದೆ. 52 ಡಿಗ್ರಿಯ ವ್ಯತ್ಯಾಸ 28 ಆಗುತ್ತದೆ. ತರಗತಿಯಲ್ಲಿ ನಿಮ್ಮ ಅಂಕಿಗಳನ್ನೇ ಬೋರ್ಡ್ ಮೇಲೆ ಬರೆಯುತ್ತೇನೆ, ಅನುಮತಿ ಇದೆಯಾ?

ಒಂದು ಎಚ್ಚರಿಕೆ ಮಾತ್ರ. 1.1 ಅಂಚಿನಲ್ಲಿದೆ. ದುಡಿಮೆಯ ಮಷೀನಿಗೆ ಒಂದು ಮೆಟ್ಟಿಲು ಮೇಲೆ, 1.125 ಅಥವಾ 1.15 ಇಡಿ. ಮೇ ಇನ್ನೂ ಬಾಕಿ ಇದೆ.

ರಾಯಚೂರು_ಸ್ಟುಡಿಯೋ · ಏಪ್ರಿಲ್ 22, ರಾತ್ರಿ 10:00

ಧಾರಾಳವಾಗಿ ಬರೆಯಿರಿ ಮೇಡಂ. 1.15 ಇಟ್ಟೆ.

ಸೀಸನ್ ಮುಗಿದ ಮೇಲೆ ಪ್ರೊಸೆಸರ್ ಬದಲಿಸುವ ಆಸೆ ಇದೆ. ಈ ಬೋರ್ಡ್‌ಗೇ ರೈಜನ್ 5 5600 ಕೂರುತ್ತದೆ ಅಂತ ಕೇಳಿದೆ. ನಿಜನಾ? ಲಿನಕ್ಸ್ ಮತ್ತೆ ಇನ್‌ಸ್ಟಾಲ್ ಮಾಡಬೇಕಾ?

ಸಿಂಧನೂರು_ಡೆಬಿಯನ್ · ಏಪ್ರಿಲ್ 23, ಬೆಳಗ್ಗೆ 8:40

ನಿಜ. 1600 ಬಂದಿದ್ದು 2017ರಲ್ಲಿ, 5600 ಬಂದಿದ್ದು 2022ರಲ್ಲಿ. ಸಾಕೆಟ್ ಮಾತ್ರ ಅದೇ ಎಎಂ4. 300 ಸಾಲಿನ ಬೋರ್ಡ್‌ಗಳಿಗೂ 5000 ಸಾಲಿನ ಪ್ರೊಸೆಸರ್ ಹಾಕಲು ಎಎಂಡಿ 2022ರಲ್ಲಿ ದಾರಿ ಬಿಟ್ಟಿತು. ಆದರೆ ನಿಮ್ಮ ಬೋರ್ಡ್ ಕಂಪನಿಯ ಪಟ್ಟಿಯಲ್ಲಿ ಆ ಪ್ರೊಸೆಸರ್ ಹೆಸರು, ಅದಕ್ಕೆ ಬೇಕಾದ ಬಯೋಸ್ ಆವೃತ್ತಿ ಎರಡೂ ಇರಬೇಕು. ಹಣ ಕೊಡುವ ಮೊದಲು ಅದನ್ನು ನೋಡಿ.

ಹಳೇ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿ. ಬದಲಿಸಿದ ಮೇಲೆ ಮಾಡೋಣ ಅಂದರೆ ಪರದೆಯೇ ಬರುವುದಿಲ್ಲ. ಯುಪಿಎಸ್ ಬ್ಯಾಟರಿ ತುಂಬಿರಲಿ, ಬೆಳಗಿನ ಹೊತ್ತು ಮಾಡಿ. ಅರ್ಧದಲ್ಲಿ ಕರೆಂಟ್ ಹೋದರೆ ಬೋರ್ಡ್ ಏಳುವುದಿಲ್ಲ.

ಲಿನಕ್ಸ್ ಮತ್ತೆ ಹಾಕುವುದು ಬೇಡ. ಡ್ರೈವರ್ ಎಲ್ಲ ಕರ್ನಲ್ ಒಳಗೇ ಇರುವುದರಿಂದ ಅದೇ ಡಿಸ್ಕ್ ಹಾಗೇ ಎದ್ದು ನಿಲ್ಲುತ್ತದೆ. ಪ್ರೊಸೆಸರ್‌ನ ಒಳಗಿನ ತಪ್ಪು ತಿದ್ದುವ ಎಎಂಡಿ ಮೈಕ್ರೋಕೋಡ್ ಪ್ಯಾಕೇಜ್ ಇದೆಯಾ ನೋಡಿಕೊಳ್ಳಿ. ಬಯೋಸ್ ಅಪ್‌ಡೇಟ್ ಆದ ಮೇಲೆ ನಿಮ್ಮ ವೋಲ್ಟೇಜ್, ಎಕ್ಸ್‌ಎಂಪಿ ಎಲ್ಲ ಅಳಿಸಿರುತ್ತದೆ. ಕೆಲವು ಬೋರ್ಡ್‌ಗಳು ಬೂಟ್ ನಮೂದನ್ನೂ ಮರೆಯುತ್ತವೆ. ಹಾಗಾಗಿ ಡೆಬಿಯನ್ ಲೈವ್ ಪೆನ್‌ಡ್ರೈವ್ ಒಂದು ಪಕ್ಕದಲ್ಲಿರಲಿ.

ಎನ್‌ವಿಎಂಇ ಎಸ್‌ಎಸ್‌ಡಿ (ಬೋರ್ಡ್‌ನ ಎಂ.2 ಸ್ಲಾಟ್‌ಗೇ ಕೂರುವ ವೇಗದ ಡಿಸ್ಕ್) ಕೂಡ ಹಾಕುವುದಾದರೆ ಎರಡು ವಿಷಯ. ಎಂ.2 ಸ್ಲಾಟ್ ಬಳಸಿದರೆ ಹಲವು ಬೋರ್ಡ್‌ಗಳಲ್ಲಿ ಎರಡು ಸಾಟಾ ಪೋರ್ಟ್ ಕೆಲಸ ನಿಲ್ಲಿಸುತ್ತವೆ, ಹಾರ್ಡ್‌ಡಿಸ್ಕ್ ಕಾಣದಿದ್ದರೆ ಗಾಬರಿಯಾಗಿ ಹೊಸದು ತರಬೇಡಿ, ಬೇರೆ ಪೋರ್ಟ್‌ಗೆ ಚುಚ್ಚಿ. ಎರಡನೆಯದು, ಹೊಸ ಕಾರ್ಡ್ ಬಂದರೆ ನೆಟ್‌ವರ್ಕ್ ಪೋರ್ಟ್‌ನ ಹೆಸರಿನ ಅಂಕಿ ಬದಲಾಗಬಹುದು. ಇಎನ್‌ಪಿ3ಎಸ್0 ಇದ್ದದ್ದು ಇಎನ್‌ಪಿ4ಎಸ್0 ಆಗುತ್ತದೆ. ಇಂಟರ್ನೆಟ್ ಬರದಿದ್ದರೆ ಅದನ್ನು ಮೊದಲು ನೋಡಿ.

ಬೆಟ್ಟದ_ಬುಡ · ಏಪ್ರಿಲ್ 23, ಸಂಜೆ 7:20

5600 ಹಾಕಿದ ಮೇಲೆ ಕೈಯಾರೆ ವೇಗ ಏರಿಸಲು ಹೋಗಬೇಡಿ ಅಣ್ಣಾ, ಇದು ನಾನೇ ಹೇಳುತ್ತಿದ್ದೇನೆ. ಅದು ತಾನೇ 4.4ವರೆಗೆ ಹತ್ತುತ್ತದೆ, ಬಿಸಿ ನೋಡಿಕೊಂಡು ತಾನೇ ಇಳಿಯುತ್ತದೆ. ಅದರ ಮಿತಿ 90 ಡಿಗ್ರಿ, ನಿಮ್ಮ ಹಳೆಯದಕ್ಕಿಂತ 5 ಕಡಿಮೆ. ಬಯೋಸ್‌ನಲ್ಲಿ ಕರ್ವ್ ಆಪ್ಟಿಮೈಸರ್ (ವೋಲ್ಟೇಜ್ ಇಳಿಸುವ ಸೆಟ್ಟಿಂಗ್) ಇದ್ದರೆ ಮೈನಸ್ 10ರಿಂದ ಶುರು ಮಾಡಿ. ಅದರಲ್ಲಿ ಒಂದು ಮೋಸ ಇದೆ. ತಪ್ಪು ಪೂರ್ತಿ ಲೋಡ್‌ನಲ್ಲಿ ಕಾಣುವುದಿಲ್ಲ, ಒಂದೇ ಕೋರ್ ಓಡುವಾಗ ಅಥವಾ ಸುಮ್ನೆ ಇದ್ದಾಗ ಕಾಣುತ್ತದೆ. ಟಾಸ್ಕ್‌ಸೆಟ್ ಬಳಸಿ ಒಂದೊಂದೇ ಕೋರ್ ಮೇಲೆ ಸ್ಟ್ರೆಸ್-ಎನ್‌ಜಿ ಓಡಿಸಿ ನೋಡಿ. ಜೊತೆಗೆ ಬರುವ ಫ್ಯಾನ್ ಚಿಕ್ಕದು. ನಿಮ್ಮ 1600 ಜೊತೆ ಬಂದದ್ದು ದೊಡ್ಡದು, ಅದನ್ನೇ ಮತ್ತೆ ಹಾಕಿ.

ರಾಯಚೂರು_ಸ್ಟುಡಿಯೋ · ಜೂನ್ 18, ರಾತ್ರಿ 9:00

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಸೀಸನ್ ಮುಗಿಸಿ ಕಳೆದ ವಾರ 5600 ಹಾಕಿದೆ. ಬಯೋಸ್ ಬೆಳಗ್ಗೆ ಆರಕ್ಕೆ ಅಪ್‌ಡೇಟ್ ಮಾಡಿದೆ, ಆ ನಾಲ್ಕು ನಿಮಿಷ ಉಸಿರು ಹಿಡಿದು ಕೂತಿದ್ದೆ. ಡೆಬಿಯನ್ ಏನೂ ಕೇಳದೆ ಎದ್ದಿತು. ರ‍್ಯಾಮ್ ಈಗ 3200ರಲ್ಲಿ, ಮೆಮ್‌ಟೆಸ್ಟ್ ಶುದ್ಧ. ಅದೇ ಲಗ್ನ, 1 ಗಂಟೆ 17 ನಿಮಿಷ. ಕರ್ವ್ ಮೈನಸ್ 10, ಅಷ್ಟಕ್ಕೇ ನಿಲ್ಲಿಸಿದೆ.

ಏಪ್ರಿಲ್‌ನಲ್ಲಿ ಹಸಿರು ಚೌಕ ಬಂದ ಆ ವಿಡಿಯೋವನ್ನು ಮನೆಯವರಿಗೆ ಕೊಡುವಾಗ ಪಕ್ಕದಲ್ಲೇ ಕೂತಿದ್ದೆ. ಅಕ್ಕಿಕಾಳು ಬೀಳುವಾಗ ಹುಡುಗಿಯ ಅಜ್ಜಿ ಎರಡು ಸಲ ಹಿಂದಕ್ಕೆ ಹಾಕಿಸಿ ನೋಡಿದರು.

ಹಳೇ 1600 ಡ್ರಾಯರ್‌ನಲ್ಲಿದೆ. ಚೆನ್ನಾಗೇ ಇದೆ. ಮುಂದಿನ ವಾರ ಒಂದು ಶೂಟಿಂಗ್‌ಗೆ ಗಂಗಾವತಿಗೆ ಬರುತ್ತಿದ್ದೇನೆ. ಯಾರಿಗಾದರೂ ಬೇಕಾ?

ಗಂಗಾವತಿ_ಎಲೆಕ್ಟ್ರಾನಿಕ್ಸ್ · ಜೂನ್ 18, ರಾತ್ರಿ 9:25

ನಮ್ಮ ಲ್ಯಾಬ್‌ನಲ್ಲಿ ಪ್ರೊಸೆಸರ್ ಇಲ್ಲದ ಎಎಂ4 ಬೋರ್ಡ್ ಒಂದಿದೆ. ಕೊಟ್ಟರೆ ಮಕ್ಕಳು ವೋಲ್ಟೇಜ್, ಬಿಸಿ, ವೇಗ ಮೂರನ್ನೂ ತಾವೇ ಅಳೆದು ಗ್ರಾಫ್ ಹಾಕುತ್ತಾರೆ. 3.9ವರೆಗೂ ಹತ್ತಿಸಿ ನೋಡಲಿ, ಅಲ್ಲಿ ಯಾರ ಲಗ್ನವೂ ಇಲ್ಲ.

ಬೆಟ್ಟದ_ಬುಡ · ಜೂನ್ 18, ರಾತ್ರಿ 9:31

ಮೇಡಂ, ನನ್ನ ನೋಟ್‌ಬುಕ್ ಪುಟಗಳ ಫೋಟೋ ಕಳಿಸುತ್ತೇನೆ. ಹೋಲಿಸಿ ನೋಡಲು ಆಗುತ್ತದೆ.

ಕೌಲ್‌ಬಜಾರ್_ಬೆಂಚ್ · ಜೂನ್ 19, ಬೆಳಗ್ಗೆ 7:10

ತಮ್ಮಾ, 1600 ಅನ್ನು ಜೇಬಿನಲ್ಲಿ ಇಟ್ಟುಕೊಂಡು ಬಸ್ ಹತ್ತಬೇಡ. 5600 ಬಂದ ಪ್ಲಾಸ್ಟಿಕ್ ಡಬ್ಬಿ ಇರುತ್ತದಲ್ಲ, ಅದರೊಳಗೆ ಕೂರಿಸಿ ಮುಚ್ಚು. ಆ ಡಬ್ಬಿಯನ್ನು ಕ್ಯಾಮೆರಾ ಬ್ಯಾಗ್‌ನಲ್ಲಿ ಲೆನ್ಸ್ ಇಡುವ ಮೆತ್ತನೆ ಜಾಗದಲ್ಲಿ ಇಡು. ಒಂದು ಪಿನ್ ಬಗ್ಗಿದರೂ ಮಕ್ಕಳ ಕೆಲಸ ನಿಂತುಹೋಗುತ್ತದೆ.